ಎಸ್‌ಎಸ್‌ಪಿ ತರಬೇತಿ: ಕಿವುಡು-ಅಂಧರ ಜೊತೆ ಕೆಲಸ ಮಾಡಲು ಬರುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರತಿ ಬ್ಯಾಚ್‌ನಲ್ಲೂ ಹೆಚ್ಚುಕಡಿಮೆ ಇವೇ ಪ್ರಶ್ನೆಗಳು ಬರುತ್ತವೆ. ಮೊದಲ ದಿನ ಬೆಳಗ್ಗೆ ಯಾರೂ ಬಾಯಿ ಬಿಡುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ಯಾರೋ ಒಬ್ಬರು ಧೈರ್ಯ ಮಾಡುತ್ತಾರೆ, ಆಮೇಲೆ ಪ್ರಶ್ನೆಗಳು ನಿಲ್ಲುವುದೇ ಇಲ್ಲ. ಕೆಲವಕ್ಕೆ ಉದ್ದದ ಉತ್ತರ ಬೇಕು, ಕೆಲವಕ್ಕೆ ಎರಡು ಸಾಲು ಸಾಕು. ಹಾಗೇ ಬರೆದಿದ್ದೇನೆ.

ಎಸ್‌ಎಸ್‌ಪಿ ಅಂದರೆ ಯಾರು?

ಸಪೋರ್ಟ್ ಸರ್ವಿಸ್ ಪ್ರೊವೈಡರ್ ಅನ್ನುವುದರ ಚಿಕ್ಕ ರೂಪ. ಅಮೆರಿಕದಲ್ಲಿ ಬಳಕೆಗೆ ಬಂದ ಹೆಸರು. ಈಚೆಗೆ ಅಲ್ಲೇ ಕೆಲವರು ‘ಕೋ-ನ್ಯಾವಿಗೇಟರ್’ ಅನ್ನುತ್ತಾರೆ. ಹೆಸರು ಏನೇ ಇರಲಿ, ಕೆಲಸ ಮುಖ್ಯವಾಗಿ ಎರಡು. ಕಿವುಡು-ಅಂಧರಿಗೆ ಸುತ್ತಮುತ್ತ ಏನಿದೆ, ಏನಾಗುತ್ತಿದೆ ಎಂದು ತಿಳಿಸುವುದು ಒಂದು. ಅವರು ಹೋಗಬೇಕಾದ ಕಡೆ ಜೊತೆಯಲ್ಲಿ ನಡೆದು ದಾರಿ ತೋರಿಸುವುದು ಇನ್ನೊಂದು. ಅಂಗಡಿ, ಬ್ಯಾಂಕ್, ಮೀಟಿಂಗ್, ಗೆಳೆಯರ ಮನೆ, ಸುಮ್ನೆ ಒಂದು ವಾಕಿಂಗ್, ಎಲ್ಲಿಗಾದರೂ ಸರಿ. ಬಂದ ಪತ್ರ ಓದಿ ಹೇಳುವುದೂ ಇದರಲ್ಲೇ ಬರುತ್ತದೆ.

ಎಲ್ಲಿಗೆ ಹೋಗಬೇಕು, ಏನು ಕೊಳ್ಳಬೇಕು, ಯಾವಾಗ ವಾಪಸ್ ಬರಬೇಕು ಅನ್ನುವುದನ್ನು ಮಾತ್ರ ಅವರೇ ತೀರ್ಮಾನಿಸುತ್ತಾರೆ.

ಕಿವುಡು-ಅಂಧರು ಅಂದರೆ ಏನೂ ಕಾಣಿಸದ, ಏನೂ ಕೇಳಿಸದ ಜನ, ಅಲ್ವಾ?

ಬಹಳ ಕಡಿಮೆ ಜನ ಹಾಗಿರುತ್ತಾರೆ. ಹೆಚ್ಚಿನವರಿಗೆ ಸ್ವಲ್ಪ ಕಾಣಿಸುತ್ತದೆ, ಅಥವಾ ಸ್ವಲ್ಪ ಕೇಳಿಸುತ್ತದೆ, ಅಥವಾ ಎರಡೂ. ಆದರೆ ಒಂದರ ಕೊರತೆಯನ್ನು ಇನ್ನೊಂದರಿಂದ ತುಂಬಿಕೊಳ್ಳುವಷ್ಟು ಇರುವುದಿಲ್ಲ. ಕಾಣದವರು ಕಿವಿಯಿಂದ ಅಂದಾಜು ಮಾಡುತ್ತಾರೆ, ಕೇಳದವರು ಕಣ್ಣಿಂದ. ಇವರಿಗೆ ಆ ಎರಡನೇ ದಾರಿಯೂ ಅರ್ಧ ಮುಚ್ಚಿರುತ್ತದೆ. ಕಿವುಡು-ಅಂಧರ ವಿಶ್ವ ಒಕ್ಕೂಟ 2018ರಲ್ಲಿ ಹೊರತಂದ ವರದಿಯ ಅಂದಾಜಿನ ಪ್ರಕಾರ, ತೀವ್ರ ರೂಪದಲ್ಲಿ ಇದು ಜಗತ್ತಿನ ಜನಸಂಖ್ಯೆಯ ಶೇ. 0.2ರಷ್ಟು ಜನರಿಗಿದೆ. ಸೌಮ್ಯ ರೂಪಗಳನ್ನೂ ಸೇರಿಸಿದರೆ ಶೇ. 2ರವರೆಗೆ ಹೋಗುತ್ತದೆ. ವಯಸ್ಸಾದ ಮೇಲೆ ಎರಡೂ ಮಂದವಾದವರು ಇದರಲ್ಲಿ ದೊಡ್ಡ ಪಾಲು.

ತರಬೇತಿಯಲ್ಲಿ ಅಷರ್ ಸಿಂಡ್ರೋಮ್ ಅನ್ನುವ ಹೆಸರು ದಿನಕ್ಕೆ ಹತ್ತು ಸಲ ಕೇಳುತ್ತೀರಿ. ಇದು ಹುಟ್ಟಿನಿಂದ ಬರುವ, ವಂಶವಾಹಿಯ ತೊಂದರೆ. ಮೂರು ಬಗೆ ಇದೆ. ಮೊದಲನೆಯದರಲ್ಲಿ ಹುಟ್ಟುವಾಗಲೇ ಪೂರ್ತಿ ಕಿವುಡು, ಮೈಯ ಸಮತೋಲವೂ ಸರಿಯಿರುವುದಿಲ್ಲ, ಬಾಲ್ಯದಲ್ಲೇ ಇರುಳುಗುರುಡು ಶುರುವಾಗುತ್ತದೆ. ಎರಡನೆಯದರಲ್ಲಿ ಕಿವಿ ಅಷ್ಟಿಷ್ಟು ಕೇಳಿಸುತ್ತದೆ, ಸಮತೋಲ ಸರಿಯಿರುತ್ತದೆ, ಕಣ್ಣಿನ ತೊಂದರೆ ಹದಿಹರೆಯದ ಹೊತ್ತಿಗೆ ಗೊತ್ತಾಗುತ್ತದೆ. ಮೂರನೆಯದರಲ್ಲಿ ಎರಡೂ ನಿಧಾನವಾಗಿ ಕಡಿಮೆಯಾಗುತ್ತವೆ. ಕಣ್ಣಿನ ನೋಟ ಅಂಚಿನಿಂದ ಒಳಕ್ಕೆ ಕುಗ್ಗುತ್ತಾ ಬಂದು, ಕೊನೆಗೆ ಕೊಳವೆಯೊಳಗಿಂದ ನೋಡಿದ ಹಾಗಾಗುತ್ತದೆ.

ಇದು ಗೊತ್ತಿಲ್ಲದವರು ಬೇಗ ಅನುಮಾನ ಪಡುತ್ತಾರೆ. ಎದುರಿನ ಗೋಡೆಯ ಬೋರ್ಡನ್ನು ಓದಿದ ಮನುಷ್ಯ, ಮರುಕ್ಷಣ ಕಾಲ ಬಳಿ ಇದ್ದ ಬಕೆಟ್‌ಗೆ ಎಡವುತ್ತಾರೆ. ‘ಇವರಿಗೆ ಕಾಣಿಸುತ್ತಲ್ಲ, ನಾಟಕನಾ?’ ಅಂತ ಅನ್ನಿಸಬಹುದು. ಕಾಣಿಸಿದ್ದೂ ನಿಜ, ಎಡವಿದ್ದೂ ನಿಜ. ಬೋರ್ಡು ಕೊಳವೆಯ ಒಳಗಿತ್ತು, ಬಕೆಟ್ ಹೊರಗಿತ್ತು, ಅಷ್ಟೇ.

ಇಂಟರ್ಪ್ರಿಟರ್ ಇರುತ್ತಾರೆ, ನೋಡಿಕೊಳ್ಳುವವರು ಇರುತ್ತಾರೆ. ಮತ್ತೆ ಎಸ್‌ಎಸ್‌ಪಿ ಯಾಕೆ?

ಇಂಟರ್ಪ್ರಿಟರ್ ಒಂದು ಭಾಷೆಯಲ್ಲಿ ಹೇಳಿದ್ದನ್ನು ಇನ್ನೊಂದು ಭಾಷೆಗೆ ತರುತ್ತಾರೆ. ಅದಕ್ಕೆ ಬೇರೆಯೇ ಓದು, ಬೇರೆಯೇ ಹೊಣೆ. ವೈದ್ಯರ ಮುಂದೆ, ಕೋರ್ಟಿನಲ್ಲಿ, ಕೆಲಸದ ಸಂದರ್ಶನದಲ್ಲಿ ಅವರೇ ಬೇಕು. ಅಂಗಡಿಯಲ್ಲಿ ‘ಚಿಲ್ಲರೆ ಇದೆಯಾ ಅಂತ ಕೇಳ್ತಿದ್ದಾರೆ’ ಎಂದು ತಿಳಿಸುವಷ್ಟು ಎಸ್‌ಎಸ್‌ಪಿ ಮಾಡಬಹುದು. ಆಪರೇಷನ್ನಿನ ಒಪ್ಪಿಗೆ ಪತ್ರದ ವಿಷಯಕ್ಕೆ ಮಾತ್ರ ಕೈ ಹಾಕಬಾರದು.

ನೋಡಿಕೊಳ್ಳುವವರ ಕೆಲಸ ಸ್ನಾನ, ಔಷಧಿ, ಅಡುಗೆ. ಎಸ್‌ಎಸ್‌ಪಿ ಇದ್ಯಾವುದನ್ನೂ ಮಾಡುವುದಿಲ್ಲ. ನಾವು ಜೊತೆಗಿರುವ ಜನ ಅಡುಗೆ ಮಾಡಬಲ್ಲರು, ಮಕ್ಕಳನ್ನು ಸಾಕಬಲ್ಲರು, ಕೆಲಸಕ್ಕೆ ಹೋಗಬಲ್ಲರು. ಅವರಿಗೆ ಸಿಗದೇ ಹೋಗುತ್ತಿರುವುದು ಸುತ್ತಲಿನ ಸುದ್ದಿ.

ಹೆಲೆನ್ ಕೆಲ್ಲರ್ ಜೊತೆಗಿದ್ದ ಆನಿ ಸಲಿವನ್ ಕೂಡ ಎಸ್‌ಎಸ್‌ಪಿ ತಾನೇ?

ಈ ಪ್ರಶ್ನೆ ಬರದ ಬ್ಯಾಚ್ ಇಲ್ಲ. 1887ರ ಮಾರ್ಚ್‌ನಲ್ಲಿ ಬಂದಾಗ ಆನಿ ಆ ಮಗುವಿನ ಟೀಚರ್. ಆಮೇಲೆ ಕಾಲೇಜಿನಲ್ಲಿ ಪಾಠಗಳನ್ನು ಹೆಲೆನ್ ಕೈಯೊಳಗೆ ಬೆರಳಕ್ಷರದಲ್ಲಿ, ಅಂದರೆ ಒಂದೊಂದು ಅಕ್ಷರಕ್ಕೂ ಬೆರಳಿನ ಒಂದೊಂದು ಗುರುತು ಮಾಡಿ, ಹೇಳುತ್ತಾ ಕೂತರು. 1904ರಲ್ಲಿ ಹೆಲೆನ್ ರ‍್ಯಾಡ್‌ಕ್ಲಿಫ್ ಕಾಲೇಜಿನಿಂದ ಪದವಿ ಪಡೆದರು. ಟೀಚರ್, ಇಂಟರ್ಪ್ರಿಟರ್, ಗೆಳತಿ, ಜೊತೆಗಾತಿ, ಎಲ್ಲವೂ ಒಬ್ಬರೇ. ಅದೂ ತಮ್ಮ ಕಣ್ಣೇ ಸರಿಯಿಲ್ಲದಿರುವಾಗ. ದೊಡ್ಡ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ಆದರೆ ಇಂದಿನ ತರಬೇತಿ ಈ ಪಾತ್ರಗಳನ್ನು ಬೇಕೆಂದೇ ಬಿಡಿಸಿ ಇಡುತ್ತದೆ. ಒಬ್ಬರ ಇಡೀ ಬದುಕು ಇನ್ನೊಬ್ಬರ ಕೈ ಮೇಲೆ ನಿಲ್ಲಬಾರದು. ಇವತ್ತು ಒಬ್ಬ ಎಸ್‌ಎಸ್‌ಪಿ ಬರಲಾಗದಿದ್ದರೆ ನಾಳೆ ಇನ್ನೊಬ್ಬರು ಬರುವಂತಿರಬೇಕು.

ಸನ್ನೆ ಭಾಷೆ ಬರಲೇಬೇಕಾ?

ನೀವು ಯಾರ ಜೊತೆ ಹೋಗುತ್ತೀರಿ ಅನ್ನುವುದರ ಮೇಲೆ ಇದೆ. ಹುಟ್ಟಾ ಕಿವುಡಾಗಿ ಬೆಳೆದು ಆಮೇಲೆ ಕಣ್ಣು ಹೋದವರು ಸಾಮಾನ್ಯವಾಗಿ ಸನ್ನೆ ಭಾಷೆಯವರು. ಅವರು ನಿಮ್ಮ ಕೈ ಮೇಲೆ ತಮ್ಮ ಕೈ ಇಟ್ಟು ಸನ್ನೆಯನ್ನು ಮುಟ್ಟಿ ಓದುತ್ತಾರೆ. ಕೊಳವೆ ನೋಟ ಇರುವವರ ಜೊತೆ ಸನ್ನೆಯನ್ನು ಎದೆಯ ಮುಂದೆ ಚಿಕ್ಕ ಜಾಗದಲ್ಲೇ ಮಾಡಬೇಕು. ಕೈ ಬೀಸಿದರೆ ಅರ್ಧ ಮಾತು ಅವರ ನೋಟದ ಹೊರಗೆ ಹೋಗುತ್ತದೆ. ಮೊದಲು ಕಣ್ಣು ಹೋಗಿ ಆಮೇಲೆ ಕಿವಿ ಮಂದವಾದವರಿಗೆ ಮಾತೇ ಭಾಷೆ. ಹತ್ತಿರ ಕೂತು, ಗದ್ದಲವಿಲ್ಲದ ಕಡೆ, ಸ್ಪಷ್ಟವಾಗಿ ಮಾತಾಡಿದರೆ ಸಾಕಾಗಬಹುದು. ಕೆಲವರು ಬ್ರೈಲ್ ಡಿಸ್‌ಪ್ಲೇಯನ್ನು ಫೋನಿಗೆ ಜೋಡಿಸಿಕೊಂಡಿರುತ್ತಾರೆ. ನೀವು ಟೈಪ್ ಮಾಡಿದರೆ ಅವರ ಬೆರಳಡಿ ಚುಕ್ಕಿಗಳು ಏಳುತ್ತವೆ.

ಒಂದೊಂದು ಕಡೆ ಒಂದೊಂದು ದಾರಿ ಹುಟ್ಟಿದೆ. 1881ರಲ್ಲಿ ಹೀರೊನಿಮಸ್ ಲೋರ್ಮ್ ಅನ್ನುವ ಬರಹಗಾರ ತನಗಾಗಿಯೇ ಒಂದು ಅಕ್ಷರಮಾಲೆ ಮಾಡಿಕೊಂಡ. ಅಂಗೈ, ಬೆರಳುಗಳ ಗೊತ್ತಾದ ಜಾಗಗಳನ್ನು ಮುಟ್ಟಿದರೆ, ಗೀರಿದರೆ ಒಂದೊಂದು ಅಕ್ಷರ. ಜರ್ಮನ್ ಮಾತಾಡುವ ನಾಡುಗಳಲ್ಲಿ ಅದು ಈಗಲೂ ಇದೆ. ಜಪಾನಿನಲ್ಲಿ ಬೆರಳು ಬ್ರೈಲ್ ಇದೆ. ಎದುರಿನವರ ಆರು ಬೆರಳುಗಳೇ ಬ್ರೈಲ್ ಯಂತ್ರದ ಆರು ಕೀಲಿಗಳು ಅಂದುಕೊಂಡು ಅವುಗಳ ಮೇಲೆ ಬಡಿಯುವುದು. ಕಣ್ಣು ಕಿವಿ ಎರಡೂ ಕಳೆದುಕೊಂಡ ಮಗ ಸತೋಶಿ ಫುಕುಶಿಮಾಗೆ ಅವರ ತಾಯಿ ಕಂಡುಕೊಂಡ ದಾರಿ ಇದು. ಆ ಮಗ ಮುಂದೆ ಟೋಕಿಯೊ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಆದರು.

ಏನೂ ಬರದಿದ್ದರೆ ಅಂಗೈ ಬರಹ ಇದ್ದೇ ಇದೆ. ನಿಮ್ಮ ತೋರುಬೆರಳಿನಿಂದ ಅವರ ಅಂಗೈ ಮೇಲೆ ದೊಡ್ಡದಾಗಿ ಬರೆಯಿರಿ. ಒಂದರ ಮೇಲೊಂದು ಅಕ್ಷರ, ಅದೇ ಜಾಗದಲ್ಲಿ. ಪದ ಮುಗಿದಾಗ ಸ್ವಲ್ಪ ನಿಲ್ಲಿ. ತಪ್ಪಾದರೆ ಅಂಗೈ ಒರೆಸಿ. ಕನ್ನಡದಲ್ಲಿ ಬರೆಯುವುದಾದರೆ ಒತ್ತಕ್ಷರ ಎಲ್ಲಿ ಹೇಗೆ ಬರೆಯುತ್ತೀರಿ ಎಂದು ಮೊದಲೇ ಮಾತಾಡಿಕೊಳ್ಳಿ. ಇಲ್ಲದಿದ್ದರೆ ‘ಅಕ್ಕ’ ಹೋಗಿ ಇನ್ನೇನೋ ಆಗುತ್ತದೆ.

ದಾರಿ ತೋರಿಸುವಾಗ ಕೈ ಹಿಡಿದುಕೊಂಡು ಹೋದರೆ ಆಯ್ತಲ್ಲ?

ನೀವು ಅವರ ಕೈ ಹಿಡಿಯಬೇಡಿ. ಅವರು ನಿಮ್ಮ ಕೈ ಹಿಡಿಯಲಿ. ಇಡೀ ಪಾಠ ಇಷ್ಟೇ, ಆದರೆ ಮೈಗೆ ಹತ್ತಲು ಎರಡು ದಿನ ಬೇಕು.

ನಿಮ್ಮ ಕೈಯ ಹಿಂಭಾಗದಿಂದ ಅವರ ಕೈಯ ಹಿಂಭಾಗವನ್ನು ಮೆಲ್ಲಗೆ ತಾಕಿಸಿ. ಅವರೇ ಕೈ ಮೇಲಕ್ಕೆ ತಂದು ನಿಮ್ಮ ಮೊಣಕೈ ಹಿಡಿಯುತ್ತಾರೆ. ಅರ್ಧ ಹೆಜ್ಜೆ ಹಿಂದೆ ನಡೆಯುತ್ತಾರೆ. ನಿಮ್ಮ ಮೈ ತಿರುಗಿದ್ದು, ನಿಂತಿದ್ದು, ಮೆಟ್ಟಿಲಿಗೆ ಏರಿದ್ದು ಎಲ್ಲವೂ ಆ ಮೊಣಕೈಯಿಂದಲೇ ಅವರಿಗೆ ಗೊತ್ತಾಗುತ್ತದೆ. ಕಿರಿದಾದ ಜಾಗ ಬಂದರೆ ನಿಮ್ಮ ಕೈಯನ್ನು ಬೆನ್ನ ಹಿಂದಕ್ಕೆ ತನ್ನಿ, ಅವರು ಪೂರ್ತಿ ಹಿಂದೆ ಬರುತ್ತಾರೆ. ಮೆಟ್ಟಿಲ ಮುಂದೆ ಪೂರ್ತಿ ನಿಲ್ಲಿ. ಹತ್ತುವುದೋ ಇಳಿಯುವುದೋ ತಿಳಿಸಿ, ಕಂಬಿ ಇದ್ದರೆ ಅವರ ಕೈಗೆ ತೋರಿಸಿ. ಕುರ್ಚಿಯಲ್ಲಿ ಕೂರಿಸಲು ಹೆಗಲು ಒತ್ತುವ ಅಭ್ಯಾಸ ತುಂಬಾ ಜನಕ್ಕಿದೆ. ಅದನ್ನು ಬಿಡಿ. ನಿಮ್ಮ ಕೈಯನ್ನು ಕುರ್ಚಿಯ ಬೆನ್ನಿನ ಮೇಲಿಡಿ, ಅವರ ಕೈ ನಿಮ್ಮ ತೋಳಿನ ಮೇಲೆ ಜಾರುತ್ತಾ ಕುರ್ಚಿ ಮುಟ್ಟುತ್ತದೆ. ಉಳಿದದ್ದು ಅವರಿಗೆ ಗೊತ್ತು.

ಅಷರ್ ಮೊದಲ ಬಗೆಯವರಿಗೆ ಸಮತೋಲದ ತೊಂದರೆ ಇರುವುದರಿಂದ ಕತ್ತಲಲ್ಲಿ ಓಲಾಡುತ್ತಾರೆ. ಅಂಥವರು ನಿಮ್ಮ ತೋಳನ್ನು ಬಿಗಿಯಾಗಿ ಹಿಡಿದರೆ ಗಾಬರಿಯಾಗಬೇಡಿ. ಬಿಸಿಲಿನಿಂದ ಒಳಗೆ ಬಂದಾಗಲೂ ಬಾಗಿಲಲ್ಲಿ ಪಕ್ಕಕ್ಕೆ ಸರಿದು ಸ್ವಲ್ಪ ಹೊತ್ತು ನಿಲ್ಲಿ. ಅವರ ಕಣ್ಣು ಹೊಂದಿಕೊಳ್ಳಲು ನಮಗಿಂತ ಜಾಸ್ತಿ ಹೊತ್ತು ತಗೊಳ್ಳುತ್ತದೆ.

ಕೈಯಲ್ಲಿ ಕೋಲಿದ್ದರೆ ಅದನ್ನು ನೀವು ಹಿಡಿದು ಎಳೆಯಬೇಡಿ. ಅಂದ ಹಾಗೆ, ಹಲವು ದೇಶಗಳಲ್ಲಿ ಬಿಳಿ ಕೋಲಿನ ಮೇಲೆ ಕೆಂಪು ಪಟ್ಟಿಗಳಿದ್ದರೆ ಹಿಡಿದವರಿಗೆ ಕಿವಿಯೂ ಕೇಳಿಸುವುದಿಲ್ಲ ಎಂದು ಅರ್ಥ.

ಸುತ್ತ ಕಂಡದ್ದನ್ನೆಲ್ಲ ಹೇಳುತ್ತಾ ಹೋಗಬೇಕಾ? ತಲೆ ಕೆಡುವುದಿಲ್ಲವಾ?

ತರಬೇತಿಯ ಹೆಚ್ಚಿನ ಸಮಯ ಹೋಗುವುದು ಇಲ್ಲೇ. ಎಲ್ಲವನ್ನೂ ಹೇಳಲು ಆಗುವುದಿಲ್ಲ, ಆರಿಸಲೇಬೇಕು. ಆದರೆ ನೀವು ಆರಿಸಿದ ಕೂಡಲೇ ಅವರ ಪರವಾಗಿ ಏನನ್ನೋ ತೀರ್ಮಾನ ಮಾಡಿದ ಹಾಗಾಗುತ್ತದೆ. ಈ ಇಕ್ಕಟ್ಟು ಪೂರ್ತಿ ಬಗೆಹರಿಯುವಂಥದ್ದಲ್ಲ. ಅದಕ್ಕೇ ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು: ‘ಇವತ್ತು ನಿಮಗೆ ಏನು ಗೊತ್ತಾಗಬೇಕು?’

ಒಂದು ಮೀಟಿಂಗ್ ಹಾಲ್‌ಗೆ ಹೋದಿರಿ ಅಂದುಕೊಳ್ಳಿ. ಬಾಗಿಲಲ್ಲೇ ನಿಂತು ದೊಡ್ಡ ಚಿತ್ರ ಕೊಡಿ. ‘ಉದ್ದ ಮೇಜು, ಹನ್ನೆರಡು ಕುರ್ಚಿ, ಎಂಟು ಜನ ಬಂದಿದ್ದಾರೆ, ಕಿಟಕಿ ನಮ್ಮ ಎಡಕ್ಕೆ.’ ಆಮೇಲೆ ಜನ: ಯಾರ್ಯಾರು, ಎಲ್ಲೆಲ್ಲಿ. ಆಮೇಲೆ ವಾತಾವರಣ: ‘ಇಬ್ಬರು ಫೋನ್ ನೋಡ್ತಿದ್ದಾರೆ, ಅಧ್ಯಕ್ಷರು ಗಡಿಯಾರ ನೋಡ್ತಿದ್ದಾರೆ.’ ‘ಅಧ್ಯಕ್ಷರಿಗೆ ಸಿಟ್ಟು ಬಂದಿದೆ’ ಅನ್ನಬೇಡಿ. ಸಿಟ್ಟು ಎಂದು ನಿಮಗೆ ಹೇಗೆ ಗೊತ್ತಾಯಿತು? ಹುಬ್ಬು ಗಂಟಿಕ್ಕಿತ್ತು, ಕೈ ಕಟ್ಟಿಕೊಂಡಿದ್ದರು. ಅದನ್ನು ಹೇಳಿ. ಸಿಟ್ಟೋ ತಲೆನೋವೋ ಅವರು ಅಂದಾಜು ಮಾಡಿಕೊಳ್ಳಲಿ, ಆ ಮನುಷ್ಯನನ್ನು ಅವರು ನಿಮಗಿಂತ ಚೆನ್ನಾಗಿ ಬಲ್ಲರು.

ಅಂಗಡಿಯಲ್ಲಿ ಶರ್ಟ್ ಕೊಳ್ಳುವಾಗಲೂ ಹೀಗೇ. ‘ನೀಲಿ ಚೆನ್ನಾಗಿದೆ, ತಗೊಳ್ಳಿ’ ಅನ್ನುವ ಮಾತು ನಾಲಿಗೆ ತುದಿಯಲ್ಲೇ ಇರುತ್ತದೆ. ಬಣ್ಣ, ಗೆರೆ, ಬಟ್ಟೆ, ಬೆಲೆ ಹೇಳಿ. ಬಟ್ಟೆಯನ್ನು ಅವರ ಕೈಗೆ ಕೊಡಿ. ‘ನಿಮಗೆ ಯಾವುದು ಇಷ್ಟ?’ ಎಂದು ಅವರೇ ಕೇಳಿದರೆ ಆಗ ಹೇಳಿ, ‘ಇದು ನನ್ನ ಅಭಿಪ್ರಾಯ’ ಎಂದು ಸೇರಿಸಿ.

ಎಲ್ಲರೂ ಒಮ್ಮೆಗೇ ನಕ್ಕರು ಅಂದುಕೊಳ್ಳಿ. ನಗುವಾಗ ನಿಮ್ಮ ಮೈ ಕುಲುಕಿದ್ದರಿಂದ ಇವರು ಅದನ್ನು ಗುರುತಿಸಿ ‘ಏನಾಯ್ತು?’ ಎಂದು ಕೇಳಿದರು. ಆಗ ಬರುವ ಉತ್ತರ ‘ಏನಿಲ್ಲ ಬಿಡಿ, ಆಮೇಲೆ ಹೇಳ್ತೀನಿ’. ಕಿವುಡರು, ಕಿವುಡು-ಅಂಧರು ಬದುಕಿನುದ್ದಕ್ಕೂ ಕೇಳಿ ಬೇಸತ್ತ ಮಾತು ಇದು. ಜೋಕು ಚಪ್ಪೆಯಾಗಿದ್ದರೂ ಪರವಾಗಿಲ್ಲ, ಆಗಲೇ ಹೇಳಿ. ಚಪ್ಪೆ ಎಂದು ಅವರೇ ಅನ್ನಲಿ.

ಬೆನ್ನ ಮೇಲೆ ಬೆರಳಾಡಿಸುವುದನ್ನು ನೋಡಿದ್ದೇನೆ. ಅದೇನು?

ಸ್ಪರ್ಶ ಸಂಕೇತಗಳು. ಅವರ ಕೈ ಬೇರೆ ಮಾತಿನಲ್ಲಿ ತೊಡಗಿದ್ದಾಗ, ಬೆನ್ನು, ತೋಳು ಅಥವಾ ಮೊಣಕಾಲಿನ ಮೇಲೆ ಸುತ್ತಲಿನ ಸುದ್ದಿ ಕೊಡಬಹುದು. ಕೋಣೆಯ ನಕ್ಷೆಯನ್ನು ಬೆನ್ನ ಮೇಲೆ ಬರೆಯಬಹುದು: ಬಾಗಿಲು ಇಲ್ಲಿ, ವೇದಿಕೆ ಅಲ್ಲಿ, ನೀವು ಇಲ್ಲಿ. ಎದುರಿನವರು ನಗುತ್ತಿದ್ದಾರೆ, ತಲೆಯಾಡಿಸುತ್ತಿದ್ದಾರೆ ಎಂದೂ ತಿಳಿಸಬಹುದು. ನಾವು ಮಾತಾಡುವಾಗ ಎದುರಿನವರ ಮುಖ ನೋಡಿಕೊಂಡೇ ಮಾತಾಡುತ್ತೇವಲ್ಲ, ಅದು ಇಲ್ಲದೆ ಹತ್ತು ನಿಮಿಷ ಭಾಷಣ ಮಾಡಿ ನೋಡಿ, ಗೊತ್ತಾಗುತ್ತದೆ.

2007ರ ಸುಮಾರಿಗೆ ಅಮೆರಿಕದ ಸಿಯಾಟಲ್‌ನಲ್ಲಿ ಪ್ರೋಟ್ಯಾಕ್ಟೈಲ್ ಎಂಬ ಚಳವಳಿ ಶುರುವಾಯಿತು. ಮುಂದಾಳುಗಳಾದ ಏಜೆ ಗ್ರಾಂಡಾ, ಜೆಲಿಕಾ ನುಚ್ಚಿಯೊ ಇಬ್ಬರೂ ಸ್ವತಃ ಕಿವುಡು-ಅಂಧರು. ಕಣ್ಣಿಗಾಗಿ ಹುಟ್ಟಿದ ಭಾಷೆಯನ್ನು ಕೈಗೆ ಒಗ್ಗಿಸಿಕೊಳ್ಳುವ ಬದಲು, ಮುಟ್ಟುವುದನ್ನೇ ಮೂಲವಾಗಿಟ್ಟುಕೊಂಡು ಮಾತಾಡೋಣ ಅನ್ನುವುದು ಅವರ ನಿಲುವು. ಎಸ್‌ಎಸ್‌ಪಿ ತರಬೇತಿಯ ಮೇಲೆ ಅದರ ಪ್ರಭಾವ ದೊಡ್ಡದು.

ಒಂದು ಸಂಕೇತ ಮಾತ್ರ ಇವತ್ತೇ ಕಲಿತುಬಿಡಿ. ಬೆನ್ನ ಮೇಲೆ ದೊಡ್ಡದಾಗಿ ‘ಎಕ್ಸ್’ ಗುರುತು ಎಳೆದರೆ ತುರ್ತು ಪರಿಸ್ಥಿತಿ, ಏನೂ ಕೇಳದೆ ಈಗಲೇ ಜೊತೆಗೆ ಬನ್ನಿ ಎಂದರ್ಥ. ಹೊಸಬರ ಜೊತೆ ಹೊರಡುವ ಮೊದಲು ಇದು ಅವರಿಗೂ ಗೊತ್ತಿದೆಯೇ ಎಂದು ಕೇಳಿಕೊಳ್ಳಿ. ತಮಾಷೆಗೆ ಎಂದೂ ಬಳಸಬೇಡಿ.

ಜನ ಅವರನ್ನು ಬಿಟ್ಟು ನನ್ನನ್ನೇ ಕೇಳುತ್ತಾರೆ. ಏನು ಮಾಡಲಿ?

‘ಇವರಿಗೆ ಏನು ಬೇಕಂತೆ?’ ಪ್ರತಿ ಕೌಂಟರಿನಲ್ಲೂ ಇದನ್ನು ಕೇಳುತ್ತೀರಿ. ಉತ್ತರ ಗೊತ್ತಿದ್ದರೂ ಹೇಳಬೇಡಿ. ಪ್ರಶ್ನೆಯನ್ನು ಇದ್ದ ಹಾಗೇ ಅವರಿಗೆ ತಲುಪಿಸಿ, ಅರ್ಧ ಹೆಜ್ಜೆ ಹಿಂದೆ ಸರಿದು ನಿಲ್ಲಿ, ನಿಮ್ಮ ಮುಖ ಅವರ ಕಡೆಗಿರಲಿ. ಕೌಂಟರಿನವರ ಕಣ್ಣು ತಾನಾಗಿ ಅವರ ಕಡೆ ಹೋಗುತ್ತದೆ. ಹಿಂದೆ ಸಾಲು ಬೆಳೆಯುತ್ತದೆ, ಯಾರೋ ಗೊಣಗುತ್ತಾರೆ. ಗೊಣಗಿದ್ದನ್ನೂ ಅವರಿಗೆ ತಿಳಿಸಿ. ಬೇಗ ಮುಗಿಸಬೇಕೋ ಬೇಡವೋ ಅವರಿಗೆ ಬಿಟ್ಟದ್ದು.

ಕಣ್ಣಿಗೆ ಪಟ್ಟಿ ಕಟ್ಟಿ, ಕಿವಿಗೆ ಬಿರಡೆ ಹಾಕಿಸುತ್ತಾರಂತೆ. ನಿಜವಾ?

ನಿಜ. ನಡೆಸಿಕೊಂಡು ಹೋಗುವವರು ಬೇಗ ತಿರುಗಿದರೆ ಹೊಟ್ಟೆಯಲ್ಲಿ ಏನಾಗುತ್ತದೆ ಅನ್ನುವುದು ತಿಳಿಯಲು ಅದಕ್ಕಿಂತ ಒಳ್ಳೆಯ ದಾರಿ ಇಲ್ಲ. ಆದರೆ ನನಗೆ ಈ ಅಭ್ಯಾಸದ ಬಗ್ಗೆ ಒಂದು ತಕರಾರಿದೆ. ಅರ್ಧ ಗಂಟೆ ಪಟ್ಟಿ ಕಟ್ಟಿಕೊಂಡವರು ‘ಅಯ್ಯೋ, ಇವರ ಬದುಕು ಎಷ್ಟು ಭಯಂಕರ’ ಎಂದುಕೊಂಡು ಪಟ್ಟಿ ಬಿಚ್ಚುತ್ತಾರೆ. ಮೊದಲ ಸಲ ನೀರಿಗೆ ಬಿದ್ದವನ ಗಾಬರಿಯಿಂದ ಈಜುಗಾರನ ಅನುಭವ ಅಳೆದ ಹಾಗಿದು. ಪಟ್ಟಿಯನ್ನು ನಡಿಗೆ ಕಲಿಯಲು ಬಳಸಿ. ಬದುಕು ಹೇಗಿದೆ ಎಂದು ತಿಳಿಯಬೇಕಿದ್ದರೆ ಅವರನ್ನೇ ಕೇಳಿ.

ಪಾಠ ಹೇಳುವವರು ಯಾರು? ಎಷ್ಟು ದಿನ?

ಮುಖ್ಯ ತರಬೇತುದಾರರಲ್ಲಿ ಕಿವುಡು-ಅಂಧರು ಇರಲೇಬೇಕು. ಇಲ್ಲದ ತರಬೇತಿಗೆ ಸೇರುವ ಮುನ್ನ ಎರಡು ಸಲ ಯೋಚಿಸಿ. ಮೊಣಕೈ ಎಷ್ಟು ಬಿಗಿಯಾಗಿದೆ, ಸನ್ನೆ ಕೈಗೆ ತಿಳಿಯುತ್ತಿದೆಯಾ ಅನ್ನುವುದನ್ನು ನೋಡಿ ಹೇಳಲು ಆಗದು, ಹಿಡಿದವರೇ ಹೇಳಬೇಕು. ದಿನಗಳ ಲೆಕ್ಕ ಒಂದೊಂದು ಕಡೆ ಒಂದೊಂದು ಥರ. ತರಗತಿ ಎಷ್ಟಾದರೂ ಆಗಲಿ, ಅನುಭವಿ ಎಸ್‌ಎಸ್‌ಪಿ ಜೊತೆ ಹೊರಗೆ ಹೋಗಿ ನೋಡದೆ ಒಬ್ಬರೇ ಕೆಲಸ ಒಪ್ಪಿಕೊಳ್ಳಬೇಡಿ.

ಸೇವೆ ಪಡೆಯುವವರಿಗೂ ತರಬೇತಿ ಬೇಕಾ?

ಬೇಕು. ವರ್ಷಗಟ್ಟಲೆ ಮನೆಯವರು ಹೇಳಿದ ಹಾಗೆ ಬದುಕಿದವರಿಗೆ ‘ಇವತ್ತು ನನಗೆ ಇದು ಬೇಕು’ ಎನ್ನುವುದೇ ಹೊಸದು. ಮೊದಲ ಕೆಲವು ಸಲ ಅವರು ನಿಮ್ಮನ್ನೇ ಕೇಳುತ್ತಾರೆ: ‘ಎಲ್ಲಿಗೆ ಹೋಗೋಣ?’ ಬೇಗ ಉತ್ತರ ಕೊಟ್ಟುಬಿಡಬೇಡಿ. ಇರುವ ಆಯ್ಕೆಗಳನ್ನು ಹೇಳಿ ಕಾಯಿರಿ.

ಮನೆಯವರೇ ಮಾಡಬಹುದಲ್ಲ?

ಮಾಡುತ್ತಾರೆ, ಮಾಡಲಿ. ಆದರೆ ಹೆಂಡತಿಗೆ ಉಡುಗೊರೆ ಕೊಳ್ಳಲು ಹೆಂಡತಿಯನ್ನೇ ಕರೆದುಕೊಂಡು ಹೋಗುವುದು ಹೇಗೆ?

ಬಟ್ಟೆ, ಉಗುರು, ಇತ್ಯಾದಿ?

ಮೈ ಬಣ್ಣಕ್ಕಿಂತ ಎದ್ದು ಕಾಣುವ, ಗೆರೆ ಚಿತ್ತಾರವಿಲ್ಲದ ಮೇಲಂಗಿ. ಅಲ್ಪಸ್ವಲ್ಪ ಕಾಣುವವರಿಗೆ ಅದರ ಮುಂದೆ ನಿಮ್ಮ ಕೈ ಗುರುತಾಗುತ್ತದೆ. ಉಗುರು ಚಿಕ್ಕದಿರಲಿ, ಉಂಗುರ ಬಳೆ ತೆಗೆದಿಡಿ. ಗಾಢ ಪರಿಮಳ ಬೇಡ. ಕಿಟಕಿಗೆ ಬೆನ್ನು ಮಾಡಿ ನಿಲ್ಲಬೇಡಿ, ನಿಮ್ಮ ಮುಖ ಕಪ್ಪು ನೆರಳಾಗುತ್ತದೆ. ಮುಟ್ಟಿ ಸನ್ನೆ ಮಾಡುವ ದಿನ ಹೆಗಲು, ಮಣಿಕಟ್ಟು ನೋಯುತ್ತವೆ, ಅವರಿಗೂ ನಿಮಗೂ. ಬಿಡುವು ಕೇಳಲು ನಾಚಬೇಡಿ.

ಅವರ ವಿಷಯ ಮನೆಯಲ್ಲಿ ಹೇಳಬಹುದಾ?

ಇಲ್ಲ. ಅವರ ಬ್ಯಾಂಕ್ ಪತ್ರ ಓದಿದ್ದೀರಿ, ಜಗಳ ನೋಡಿದ್ದೀರಿ. ಇದು ಪುಟ್ಟ ಸಮುದಾಯ. ಹೆಸರು ಹೇಳದೆ ಕತೆ ಹೇಳಿದರೂ ಯಾರು ಎಂದು ತಿಳಿದುಬಿಡುತ್ತದೆ.

ತಪ್ಪಾದರೆ?

ಆಗುತ್ತದೆ. ನನ್ನದೇ ಹೇಳುತ್ತೇನೆ. ಕಲಿಯುವ ದಿನಗಳಲ್ಲಿ ನನ್ನ ತರಬೇತುದಾರರನ್ನು ಒಂದು ದೊಡ್ಡ ಹಾಲ್‌ಗೆ ಕರೆದುಕೊಂಡು ಹೋಗಿದ್ದೆ. ಅವರಿಗೆ ಕಾಣುವುದೂ ಇಲ್ಲ, ಕೇಳುವುದೂ ಇಲ್ಲ. ಅವರು ಏನೋ ಹೇಳುತ್ತಿದ್ದರು. ಬಾಗಿಲಲ್ಲಿ ಯಾರೋ ನನ್ನನ್ನು ಕರೆದರು. ಒಂದೇ ನಿಮಿಷ ಅಂದುಕೊಂಡು, ಅವರ ತೋಳಿನಿಂದ ಕೈ ತೆಗೆದು ಹೋದೆ. ಹೇಳಲಿಲ್ಲ. ವಾಪಸ್ ಬಂದಾಗ ಅವರು ಹಾಲಿನ ನಡುವೆ ನಿಂತು ಖಾಲಿ ಗಾಳಿಯ ಜೊತೆ ಮಾತಾಡುತ್ತಿದ್ದರು. ನಾಲ್ಕಾರು ಜನ ನಿಂತು ನೋಡುತ್ತಿದ್ದರು.

ಕ್ಷಮಿಸಿ ಎಂದು ಅವರ ಅಂಗೈಯಲ್ಲಿ ಬರೆದೆ. ಅವರು ನನ್ನ ಕೈ ಹಿಡಿದು ಗೋಡೆಯವರೆಗೆ ಹೋಗುವಂತೆ ಹೇಳಿದರು. ನನ್ನ ಅಂಗೈಯನ್ನು ಗೋಡೆಯ ಮೇಲೆ ಒತ್ತಿದರು. ಬಿಟ್ಟು ಹೋಗುವುದಾದರೆ ಹೀಗೆ ಯಾವುದಾದರೂ ಗಟ್ಟಿ ವಸ್ತುವಿನ ಬಳಿ ನಿಲ್ಲಿಸಿ ಹೋಗು, ಎಲ್ಲಿಗೆ, ಎಷ್ಟು ಹೊತ್ತು ಅಂತ ಹೇಳಿ ಹೋಗು, ಬಂದ ಮೇಲೆ ಬಂದೆ ಅಂತ ಹೇಳು ಎಂದರು. ಆಮೇಲೆ ಕೇಳಿದರು: ‘ಅಲ್ಲಿ ನೋಡ್ತಾ ನಿಂತಿದ್ದವರು ಎಷ್ಟು ಜನ?’

ಸುಳ್ಳು ಹೇಳೋಣ ಅನ್ನಿಸಿತು. ಆರು ಜನ ಎಂದು ಬರೆದೆ.

‘ಸರಿ,’ ಎಂದು ಮೊಣಕೈ ಹಿಡಿದರು. ‘ನಡಿ, ಮಾತು ಎಲ್ಲಿಗೆ ನಿಂತಿತ್ತು?’